ಹರಾಜಿನ ನಡುವೆ ಒಂದು ಉಸಿರು

ಮಾರ್ಚ್ ೧೨, ಮಂಗಳವಾರ.

ಸೊಂಟ ಇವತ್ತು ಗೊಣಗಿತು, ಆದರೆ ಕೂಗಲಿಲ್ಲ. ಹಳೆಯ ಮೇಜು-ಕುರ್ಚಿ-ಬೀರುಗಳ ಹರಾಜನ್ನು ನಿಂತೇ ಮುಗಿಸಿದೆ. "ಭಾವ, ಸುಸ್ತಾದ್ರೆ ಕೂತ್ಕೊಳ್ಳಿ, ಸುತ್ತಿಗೆ ನಾನ್ ಹಿಡೀತೀನಿ" ಎಂದು ಹೆಂಡತಿಯ ತಮ್ಮ ಬೆಳಿಗ್ಗೆಯೇ ನನ್ನ ಹಿಂದೊಂದು ಕುರ್ಚಿ ಇಟ್ಟಿದ್ದ. ಒಮ್ಮೆ ಕೂತರೆ ಆ ಸುತ್ತಿಗೆ ನನ್ನ ಕೈಗೆ ಮರಳುವುದಿಲ್ಲವೆಂದು ಇಬ್ಬರಿಗೂ ಗೊತ್ತು.

ಹೋದ ವಾರ ಫಿಸಿಯೋಥೆರಪಿಯ ಹುಡುಗಿ ನನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಹರಾಜು ಕೂಗಿಸಿದಳು. ಹೊಟ್ಟೆ ಅಲುಗಲೇ ಇಲ್ಲ.

"ಸಾರ್, ನೀವು ಉಸಿರೇ ತಗೊಳ್ತಿಲ್ವಲ್ಲ?"

"ಉಸಿರು ತಗೊಂಡ್ರೆ ಗಿರಾಕಿ ಯೋಚನೆ ಮಾಡೋಕೆ ಶುರು ಮಾಡ್ತಾನಮ್ಮ."

"ಈಗ ಬೆನ್ನು ನೋಯೋಕೆ ಶುರು ಮಾಡಿದೆ, ನೋಡಿ."

ಅವಳ ಪ್ರಕಾರ, ಎದೆಯ ತಳದಲ್ಲಿರುವ ವಪೆ ಎಂಬ ಉಸಿರಾಟದ ಸ್ನಾಯು ಕೆಳಗಿಳಿದು ಹೊಟ್ಟೆ, ಪಕ್ಕೆ ಅರಳಿದರೆ ಅದೇ ಬೆನ್ನಿಗೆ ಒಳಗಿನ ಆಸರೆಯಂತೆ. ನಾನೋ, ಜನರೆದುರು ಹೊಟ್ಟೆ ಒಳಗೆಳೆದುಕೊಂಡೇ ಬದುಕಿದವನು. ಪುಕ್ಕಟೆ ಗಾಳಿಯಲ್ಲೂ ಜಿಪುಣತನ!

ಇವತ್ತು ಕೂಗಿನ ನಡುನಡುವೆ ನಿಲ್ಲಿಸಿ ಹೊಟ್ಟೆ ತುಂಬ ಉಸಿರೆಳೆದೆ. ಆ ಮೌನ ತಡೆಯಲಾರದೆ ಜನ ತಾವೇ ಬೆಲೆ ಏರಿಸಿದರು.

ಕೊನೆಗೆ ಭಾವಮೈದುನ ಇಟ್ಟ ಕುರ್ಚಿಯೊಂದೇ ಉಳಿಯಿತು. ಅದನ್ನೂ ಕೂಗಿ ಮಾರಿಬಿಟ್ಟೆ. ಅವನ ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತ್ತು, ಪಾಪ. ಆ ಹುಡುಗಿಯ ವಿಳಾಸ ಅವನಿಗೂ ಕೊಡಬೇಕು, ಆದರೆ ಈ ಉಸಿರಿನ ಗುಟ್ಟು ಅವನಿಗೂ ತಿಳಿದರೆ ಸುತ್ತಿಗೆ ನನ್ನ ಕೈಯಲ್ಲಿ ಉಳಿಯಬೇಕಲ್ಲ!