ಪೆಪ್ಪರ್‌ಮಿಂಟ್ ಡಬ್ಬಿ

ಪ್ರವಾಸ ಕಂಪನಿಯ ಮ್ಯಾನೇಜರ್ ಅವರಿಗೆ ನಮಸ್ಕಾರ.

ನಮ್ಮ ಯಜಮಾನರು ಪರದೇಶದಲ್ಲಿ ತೀರಿಕೊಂಡ ಮೇಲೆ ನೀವು ಬರೆದ ಕಾಗದ ತಲುಪಿತು. ಕಾಯಿಲೆ ಮುಚ್ಚಿಟ್ಟಿದ್ದರಿಂದ ವಿಮೆ ಸಿಗುವುದಿಲ್ಲ, ಅದಕ್ಕೆ ಅವರೇ ಹೊಣೆ ಎಂದಿದ್ದೀರಿ. ಅವರಲ್ಲ, ನಾನು. ಹೃದಯದ ಕಾಯಿಲೆ ಗೊತ್ತಾದರೆ ಪ್ರವಾಸವೇ ತಪ್ಪುತ್ತದೆಂದು ಹೆದರಿ, ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದವಳು ನಾನು. ಮಾತ್ರೆಗಳನ್ನು ಪೆಪ್ಪರ್‌ಮಿಂಟ್ ಡಬ್ಬಿಗೆ ಸುರಿದವಳೂ ನಾನೇ. “ಗಡಿಯಾರ ರಿಪೇರಿಯವನು ಕಣೇ, ಮಾತ್ರೆ ಹೊತ್ತು ತಪ್ಪಿಸ್ತೀನಾ?” ಎಂದು ನಗುತ್ತಲೇ ಹೊರಟರು.

ದೇಹ ತರಿಸುವ ಶಕ್ತಿ ನಮಗಿಲ್ಲ. ಅಲ್ಲೇ ಮಣ್ಣು ಮಾಡಿಸಿ. ಬಟ್ಟೆಬರೆ ಯಾರಿಗಾದರೂ ಕೊಟ್ಟುಬಿಡಿ. ಆ ಡಬ್ಬಿಯೊಂದನ್ನು ಮಾತ್ರ ತೆರೆಯದೆ ಕಳಿಸಿಕೊಡಿ. ದಿನಕ್ಕೊಂದರಂತೆ ಮೂವತ್ತು ಹಾಕಿದ್ದೆ. ನುಂಗಿದ್ದರೋ, ಇಲ್ಲ ನನ್ನ ಸುಳ್ಳು ಬಯಲಾದೀತೆಂದು ಜೊತೆಯವರ ಮುಂದೆ ಮುಚ್ಚಳ ತೆಗೆಯಲೇ ಇಲ್ಲವೋ, ಎಣಿಸಿ ನೋಡಬೇಕು.

ಇಂತಿ,
ಗಡಿಯಾರ ರಿಪೇರಿಯವರ ಹೆಂಡತಿ