ನಾನು ಕಾರ್ಖಾನೆ ಎಂದು ಸಹಿ ಹಾಕಿದ ಮನೆ

ಪ್ರೀತಿಯ ರೋಶನ್ ಬೀ ಖಾಲಾ,

ಮೊಮ್ಮಗಳ ಕೈಲಿ ಈ ಕಾಗದ ಓದಿಸಿಕೊಳ್ಳಿ. ಬರುವ ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತೀರಲ್ಲ, ಅದಕ್ಕೆ ಮೊದಲೇ ಮುಟ್ಟಲಿ ಎಂದು ರಾಮನಗರದಿಂದ ಕೆಲಸಕ್ಕೆ ಬರುವ ನಮ್ಮ ಬೈರಪ್ಪನವರ ಕೈಲಿ ಕಳಿಸುತ್ತಿದ್ದೇನೆ. ಹೋದ ವಾರ ನಿಮ್ಮ ಮನೆಯಲ್ಲಿ ಟೀ ಕುಡಿದು, ಹೇಳಬೇಕಾದದ್ದನ್ನು ಹೇಳದೆ ಎದ್ದು ಬಂದೆ. ಆಮೇಲೆ ಎರಡು ಸಲ ಫೋನ್ ಮಾಡಲು ಹೋಗಿ ಇಟ್ಟುಬಿಟ್ಟೆ.

ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ. ಸ್ಕೂಲು ಬಿಟ್ಟೊಡನೆ ಬ್ಯಾಗನ್ನು ನಮ್ಮ ಜಗಲಿಗೆ ಎಸೆದು ನಿಮ್ಮ ನಡುಮನೆಗೆ ಓಡುತ್ತಿದ್ದೆ. ರೇಷ್ಮೆಗೂಡು ಬೇಯುವ ವಾಸನೆಗೆ ನಮ್ಮಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಈಗಲೂ ಊರೆಂದರೆ ಅದೇ ವಾಸನೆ. ಬಿಸಿನೀರಿನ ಮುಂದೆ ನೀವು, ನೂಲು ಸುತ್ತುವ ಚರಕ ತಿರುಗಿಸಲು ಕೂಲಿಯಾಳು ಅಂಕಯ್ಯ, ಒಲೆಯ ಪಕ್ಕ ನಾನು. ಒಂದೆಳೆ ಕಡಿದರೂ ನಿಮ್ಮ ಬೆರಳಿಗೆ ಗೊತ್ತಾಗುತ್ತಿತ್ತು, ಕಿವಿ ಮಾತ್ರ ರೇಡಿಯೋ ಕಡೆಗೆ. ನಾನು ಬಾಯಿ ತೆಗೆದರೆ "ಒಸಿ ಸುಮ್ಕಿರಮ್ಮಿ, ವಾರ್ತೆ ಬತ್ತೈತೆ" ಎನ್ನುತ್ತಿದ್ದಿರಿ. ದನಿ ಮಸುಕಾದರೆ "ಕಿಟಕಿ ಕಡೀಕೆ ತಿರುಗ್ಸು" ಎಂದು ಕಲಿಸಿದವರೂ ನೀವೇ. ಗಾಳಿಯಲ್ಲಿ ಬರುವ ಮಾತಿಗೂ ದಿಕ್ಕಿದೆ ಎಂದು ನಾನು ಕಲಿತದ್ದು ಇಂಜಿನಿಯರಿಂಗ್ ಕಾಲೇಜಿನಲ್ಲಲ್ಲ.

ಈಗ ಹಾರೋಹಳ್ಳಿಯ ಪರೀಕ್ಷಾ ಕೇಂದ್ರದಲ್ಲಿ ನನ್ನ ಕೆಲಸವೂ ಅದೇ ಜಾತಿಯದು. ಕರೆಂಟಿನ ಸಾಮಾನು ಓಡುವಾಗ ಕಾಣದ ಗದ್ದಲವೊಂದನ್ನು ತಂತಿಗೂ ಗಾಳಿಗೂ ಬಿಡುತ್ತದೆ. ಅದು ಮಿತಿಮೀರಿದರೆ ಪಕ್ಕದ ರೇಡಿಯೋ ಕೆಟ್ಟಂತಾಗುತ್ತದೆ. ಕಾರ್ಖಾನೆಯ ಸಾಮಾನಿಗೆ ಇದರಲ್ಲಿ ಸ್ವಲ್ಪ ಸಡಿಲ, ಮನೆಯ ಸಾಮಾನಿಗೆ ಬಲು ಬಿಗಿ. ಹಾಗಾಗಿ ಎಲ್ಲಕ್ಕಿಂತ ಮೊದಲು ನಾವು ಕೇಳುವುದು, ಇದನ್ನು ಬಳಸುವುದು ಎಲ್ಲಿ ಎಂದು.

ಎರಡು ವರ್ಷದ ಹಿಂದೆ ಕೆಂಪರಾಜು ಎಂಬ ತಯಾರಕರು ಚರಕದ ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಡಬ್ಬಿಯೊಂದನ್ನು ತಂದರು. ಫಾರಂನಲ್ಲಿ ಕಾರ್ಖಾನೆ ಎಂದು ಬರೆದಿತ್ತು. ರೇಷ್ಮೆ ನೂಲು ತೆಗೆಯುವುದು ಉದ್ಯಮ ತಾನೇ ಎಂದು ಸಹಿ ಹಾಕಿದೆ. ನಮ್ಮ ಬೀದಿಯಲ್ಲಿ ಚರಕ ಇರುವುದು ನಡುಮನೆಯಲ್ಲಿ, ಅದರ ಪಕ್ಕದಲ್ಲೇ ಊಟ, ತೊಟ್ಟಿಲು, ರೇಡಿಯೋ ಎಂದು ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿದಿರಬೇಕಿತ್ತು. ದೀಪದ ಬುಡದಲ್ಲೇ ಕತ್ತಲೆ, ಖಾಲಾ.

ಹೋದ ವಾರ ಬಂದಾಗ ನಿಮ್ಮ ಚರಕಕ್ಕೂ ಮೋಟಾರು ಕೂತಿತ್ತು, ಆ ಡಬ್ಬಿ ನಿಮ್ಮ ಗೋಡೆಯ ಮೇಲೆ ಕಂಡಿತು. ರೇಡಿಯೋ ಎಲ್ಲಿ ಎಂದರೆ, ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದೀರಿ. "ಕಿವಿ ಹೋದೊ ಕಣಮ್ಮಿ. ರೇಡಿಯೋ ಹಾಕುದ್ರೆ ಬರೀ ಗೊರ್ ಅಂತೈತೆ, ಒಂದ್ ಮಾತೂ ತಿಳಿಯಾಕಿಲ್ಲ. ವಯಸ್ಸಾತಲ್ಲ" ಎಂದು ನಕ್ಕಿರಿ. ಮಗ ಸೊಸೆ ಹಾಡು ಕೇಳುವುದು ಫೋನಿನಲ್ಲಿ. ಕೆಟ್ಟದ್ದು ಏನು ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ನನಗೆ ಗೊತ್ತಾಯಿತು, ಅದು ಆ ಡಬ್ಬಿಯ ಗದ್ದಲ. ಒಪ್ಪಿಕೊಳ್ಳಲು ನಾಚಿಕೆಯಾಗಿ, ನೀವು ಕಿವುಡಿಯೆಂದೇ ನಂಬಿಕೊಂಡಿರಲು ಬಿಟ್ಟು ಬಂದೆ.

ಇವತ್ತು ಕೆಂಪರಾಜು ಹೊಸ ಡಬ್ಬಿ ತಂದಿದ್ದರು. ಕಾರ್ಖಾನೆ ಎಂಬುದನ್ನು ಹೊಡೆದುಹಾಕಿ, ಮನೆ ಎಂದು ಬರೆಯಿರಿ ಎಂದೆ. "ಇದೇನ್ ಮಿಕ್ಸಿನಾ ಮೇಡಂ, ಮನೇಲಿಕ್ಕಾಕೆ?" ಎಂದರು. ನನ್ನ ಜೊತೆ ರಾಮನಗರಕ್ಕೆ ಬನ್ನಿ, ನಾಲ್ಕು ಮನೆ ತೋರಿಸುತ್ತೇನೆ ಎಂದೆ. ಮನೆಯ ಸಾಮಾನಿನ ಬಿಗಿ ಮಿತಿಯಿಟ್ಟು ಪರೀಕ್ಷಿಸಿದಾಗ ಡಬ್ಬಿ ಫೇಲಾಯಿತು. ಮುಖ ಊದಿಸಿಕೊಂಡು ವಾಪಸು ಒಯ್ದರು. ಹಳೆಯದಕ್ಕೆ ಸಹಿ ಹಾಕಿದ್ದು ನನ್ನ ತಪ್ಪೆಂದು ಆಫೀಸಿಗೂ ಬರೆದುಕೊಟ್ಟಿದ್ದೇನೆ; ಏನಾಗುತ್ತದೋ ಆಗಲಿ.

ನೀವು ರೇಡಿಯೋ ಹಾಕುತ್ತಿದ್ದುದು ಕೆಲಸದ ಹೊತ್ತಿನಲ್ಲಿ ಮಾತ್ರ, ಆಗೆಲ್ಲ ಮೋಟಾರು ತಿರುಗುತ್ತಲೇ ಇರುತ್ತಿತ್ತು. ಕಾಗದ ಓದಿದ ಮೇಲೆ ಒಂದು ಹತ್ತು ನಿಮಿಷ ಮೋಟಾರನ್ನು ನಿಲ್ಲಿಸಿ, ಡಬ್ಬಿಯ ಸ್ವಿಚ್ಚನ್ನೂ ಆರಿಸಿ, ರೇಡಿಯೋವನ್ನು ಅಟ್ಟದಿಂದ ಇಳಿಸಿ ಹಾಕಿ ನೋಡಿ. ಮಾತು ಬಿಡಿಬಿಡಿಯಾಗಿ ಕೇಳಿಸಿದರೆ ಡಾಕ್ಟರ ಹತ್ತಿರ ಹೋಗಬೇಡಿ. ಭಾನುವಾರ ನಾನೇ ಬರುತ್ತೇನೆ. ಬೈಯಬೇಕಾದದ್ದು ನನ್ನನ್ನು, ನಿಮ್ಮ ವಯಸ್ಸನ್ನಲ್ಲ.

ನಿಮ್ಮ ಕಿವಿಗೆ ಯಾರ ದೃಷ್ಟಿಯೂ ತಾಗದಿರಲಿ.

ಗೋಡೆಯಾಚೆಯ ಮಗಳು,
ಯಶೋಧಾ