ಬಿ.ಸಿ. ರೋಡಿನ ಹೊಸ ಅಂಗಡಿ

೧೨ ಏಪ್ರಿಲ್ ೧೯೯೯, ಬಂಟ್ವಾಳ

ಆರಾಮ ಕುರ್ಚಿಯ ಕೈಗೆ ಎರಡನೇ ಸಲ ಅರಗಿನ ಪಾಲಿಶ್. ಸೆಕೆ — ಹಚ್ಚುವ ಮೊದಲೇ ಬಟ್ಟೆಯಲ್ಲಿ ಒಣಗುತ್ತದೆ. ಗುರುವಪ್ಪ ಆಚೆ ಕೂತು ಬೆಳ್ತಂಗಡಿಯ ಮಾಸ್ಟ್ರ ಹಳೇ ಮಂಚಕ್ಕೆ ಕಾಲು ಕೂರಿಸುತ್ತಿದ್ದ. ಮರಗೆಲಸ ಅವನದು, ಪಾಲಿಶ್ ನನ್ನದು, ಅಂಗಡಿ ಇಬ್ಬರದು. ಹಳೆಯದನ್ನು ಸರಿಮಾಡುವುದು ಬಿಟ್ಟು ಬೇರೆ ಕೆಲಸ ಇಬ್ಬರಿಗೂ ಬರುವುದಿಲ್ಲ.

ಅವನೇ ಮಾತು ತೆಗೆದ. "ಈ ಮಳೆಗಾಲವೂ ಹೊಳೆ ಒಳಗೆ ಬರ್ತದೆ ಹನೀಫಾ. ಬಿ.ಸಿ. ರೋಡಿಗೆ ಹೋಗುವ. ಎತ್ತರದಲ್ಲಿ ಒಂದು ರೂಮು ಹಿಡಿಯುವ."

"ಈ ವಯಸ್ಸಿನಲ್ಲಾ?"

"ನಮಗಲ್ಲ ಮಾರಾಯ. ಸುಧಾಕರನಿಗೆ."

ಸುಧಾಕರ ಅವನ ತಂಗಿಯ ಮಗ. ಮೂಡಬಿದಿರೆಯಲ್ಲಿ ಬಡಗಿ, ಒಳ್ಳೆಯ ಕೈ. ನನ್ನ ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಗುರುವಪ್ಪನಿಗೆ ಮಕ್ಕಳಿಲ್ಲ. ನಮ್ಮ ನಂತರ ಇನ್ಯಾರು?

ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಅಂಗಡಿ ಬರೆದ. ಕಿಟಕಿಯ ಬೆಳಕು ಬೀಳುವಲ್ಲಿ ನನ್ನ ಜಾಗ. ಅವನದು ಬಾಗಿಲ ಹತ್ತಿರ — ಹೋಗಿ ಬರುವವರ ಜೊತೆ ಮಾತಾಡಬೇಕಲ್ಲ! ಸಂಜೆ ಗುಡಿಸಲು ಮನಸ್ಸಾಗಲಿಲ್ಲ.

೩ ಮೇ

ರೂಮು ನೋಡಿ ಬಂದೆವು. ಚೆನ್ನಾಗಿ ಉಂಟು. ಸುಧಾಕರ ಬರುತ್ತೇನೆ ಎಂದಿದ್ದಾನೆ. ಮಳೆ ಹಿಡಿಯುವ ಮೊದಲು ಹೋಗುವುದು.

೨೭ ಮೇ

ಬರೆಯಲು ಆಗಲಿಲ್ಲ. ಗುರುವಪ್ಪ ಅಂಗಡಿಯಲ್ಲೇ ಬಿದ್ದ. ಉಳಿ ಕೈಯಿಂದ ಜಾರಿತು — ಹೆಕ್ಕಲು ಬಗ್ಗಿದ ಎಂದುಕೊಂಡೆ. ಏಳಲಿಲ್ಲ. ಜೀಪಿನಲ್ಲಿ ಮಂಗಳೂರಿಗೆ. ಸ್ಟ್ರೋಕ್ ಎಂದರು. ಬಲಗೈ ಏಳುವುದಿಲ್ಲ. ಮಾತಿಲ್ಲ. ಕಣ್ಣು ಮಾತ್ರ ಅವನದೇ.

೧೮ ಜುಲೈ

ಸುಧಾಕರ ಹೋದ. ಬಂದವ ಒಂದು ವಾರ ಚೆನ್ನಾಗಿಯೇ ಕೆಲಸ ಮಾಡಿದ. ಇವತ್ತು ಚಹಾ ಕುಡಿದು, ಲೋಟ ತೊಳೆದಿಟ್ಟು ಹೇಳಿದ —

"ಹನೀಫಾಕ, ನನ್ನಿಂದ ಆಗುದಿಲ್ಲ. ಮೂಡಬಿದಿರೆಯಲ್ಲಿ ಗಲ್ಫಿಗೆ ಹೋದವರ ಮನೆಗಳಿಗೆ ಬಾಗಿಲು ಮಾಡಿ ಮುಗಿಯುದಿಲ್ಲ. ಇಲ್ಲಿ ಎಂತ ಉಂಟು? ಒಂದು ಹಳೇ ಕಪಾಟಿಗೆ ಒಂದು ತಿಂಗಳು."

ಬೈಯಬೇಕೆಂದುಕೊಂಡೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

"ಮಾವನಿಗೆ ನೀವೇ ಹೇಳಿ" ಎಂದ.

ಬಿ.ಸಿ. ರೋಡಿನ ರೂಮು ಬೇಡವೆಂದು ಹೇಳಿ ಬಂದೆ. ಅಲ್ಲಿ ಫೈಬರ್ ಕುರ್ಚಿಯ ಅಂಗಡಿ ಬರುತ್ತದಂತೆ.

೨೦ ಜುಲೈ

ಬಸ್ಸಿನಲ್ಲಿ ಮಾಣಿ ಊರಿಗೆ, ಗುರುವಪ್ಪನ ಮನೆಗೆ. ಹೇಳಿಬಿಡಲೆಂದೇ ಹೋದದ್ದು. ಅವನ ಹೆಂಡತಿ ಅಮ್ಮಣಿಯಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡದ್ದೇ ಅವನ ಎಡಗೈ ಗಾಳಿಯಲ್ಲಿ ಒಂದು ಚೌಕ ಬರೆಯಿತು. ಹೊಸ ಅಂಗಡಿ.

"ಆಯ್ತು ಗುರುವಪ್ಪ. ಸುಧಾಕರ ಕಿಟಕಿ ಕೂರಿಸ್ತಾ ಇದ್ದಾನೆ."

ಎಲ್ಲಿಂದ ಬಂತೋ ಆ ಮಾತು. ಅವನ ಅರ್ಧ ಮುಖ ನಕ್ಕಿತು.

೧೦ ಸೆಪ್ಟೆಂಬರ್

ಶುಕ್ರವಾರ. ನಮಾಜು ಮುಗಿಸಿ ಮಾಣಿ. ಪ್ರತಿವಾರ ಏನಾದರೂ ಹೊಸದು ಹೇಳಬೇಕು. ಕಳೆದ ವಾರ ಬೋರ್ಡು ಬರೆಸಿದೆ — ಅವನ ಹೆಸರು ಮೊದಲು. ಇವತ್ತು ಕರೆಂಟು ಬಂತು. ಹೇಳುತ್ತಾ ಹೇಳುತ್ತಾ ನನಗೇ ಆ ಅಂಗಡಿ ಕಾಣುತ್ತದೆ... ಬೇಗ ಹೋಗಿ ಬಾಗಿಲು ತೆರೆಯಬೇಕೆನಿಸುತ್ತದೆ.

ಇದ್ದ ಅಂಗಡಿಗೆ ಆಗಸ್ಟಿನಲ್ಲೇ ಹೊಳೆ ಬಂದು ಹೋಗಿದೆ. ರಿಪೇರಿಗೆ ಬಂದಿದ್ದ ಕಪಾಟಿನ ಹಲಗೆ ಉಬ್ಬಿ ಬಿರಿಯಿತು. ಮಾಸ್ಟ್ರು ಮಂಚವನ್ನು ಹಾಗೆಯೇ ಟೆಂಪೋಗೆ ಹಾಕಿಸಿ ಕೊಂಡುಹೋದರು. ಕೆಸರು ಬಳಿಯುತ್ತಾ ನನ್ನ ಹೆಂಡತಿ ಝೈನಬ್ ಕೇಳಿದಳು:

"ಎಷ್ಟು ದಿನ ಹೀಗೆ ಸುಳ್ಳು ಹೇಳ್ತೀರಿ ಆ ಬಡಪಾಯಿಗೆ?"

"ನಿಜ ಹೇಳಿದ್ರೆ ಅವನಿಗೆ ಎಂತ ಉಳೀತದೆ?"

"ಅವರಿಗಾ, ನಿಮಗಾ?"

ಬಕೆಟ್ ಎತ್ತಿಕೊಂಡು ಹೊರಗೆ ಹೋದೆ.

೧೨ ನವೆಂಬರ್

ಹೇಳುತ್ತಿದ್ದೆ — ಮೂಡಬಿದಿರೆಯಿಂದ ದೊಡ್ಡ ಕೆಲಸ ಬಂದಿದೆ, ಆರು ಕುರ್ಚಿ, ಸುಧಾಕರನಿಗೆ ಪುರುಸೊತ್ತಿಲ್ಲ... ಗುರುವಪ್ಪನ ತುಟಿ ಅಲುಗಿತು. ಬಿದ್ದ ನಂತರ ಮೊದಲ ಶಬ್ದ. ಗಂಜಿ ಕುಡಿಸುತ್ತಿದ್ದ ಅಮ್ಮಣಿಯಕ್ಕನ ಚಮಚ ಅಲ್ಲೇ ನಿಂತಿತು.

"ಸಾ... ಕು."

ಗಂಜಿ ಸಾಕು ಎಂದದ್ದೆಂದುಕೊಂಡು ಅವರು ಅತ್ತರು, ನಕ್ಕರು, ಬಟ್ಟಲು ಕೆಳಗಿಟ್ಟರು. "ಮಾತು ಬಂತು ಹನೀಫಾಕ, ಮಾತು ಬಂತು!"

ಅವನು ನನ್ನನ್ನೇ ನೋಡುತ್ತಿದ್ದ. ಎಷ್ಟು ದಿನದಿಂದ ಗೊತ್ತಿತ್ತೋ.

೧೭ ಜನವರಿ ೨೦೦೦

ಉಪವಾಸದ ತಿಂಗಳು ಸಿಕ್ಕಿತು, ಹೋಗದಿರಲು ನೆಪ. ಹಬ್ಬವೂ ಕಳೆಯಿತು. ಬೆಳಿಗ್ಗೆ ಅಂಗಡಿಯ ಕೀಲಿಕೈ ಕಟ್ಟಡದ ಧಣಿಗಳಿಗೆ ಕೊಟ್ಟೆ. ಅಲ್ಲಿಂದ ಮನೆಗೆ ಹೋಗಲಾಗಲಿಲ್ಲ. ಮಾಣಿಯ ಬಸ್ಸು ಹತ್ತಿದೆ.

ಗುರುವಪ್ಪ ಬಹಳ ಇಳಿದಿದ್ದಾನೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿರುಗಲಿಲ್ಲ.

ಅಮ್ಮಣಿಯಕ್ಕ ನೀರು ಬೆಲ್ಲ ತಂದಿಟ್ಟು ಕೇಳಿದರು, "ಹೊಸ ಅಂಗಡಿ ಹೇಗೆ ನಡೀತದೆ ಹನೀಫಾಕ? ನೀವು ಬಾರದೆ ಇವರಿಗೆ ಹೇಳುವವರೇ ಇಲ್ಲ."

"ಹೊಸ ಅಂಗಡಿ ಇಲ್ಲ ಅಕ್ಕ. ಹಳೇದೂ ಇಲ್ಲ. ಸುಧಾಕರ ಮಳೆಗಾಲದಲ್ಲೇ ಬಿಟ್ಟು ಹೋಗಿದ್ದಾನೆ."

ಅವರು ಹಾಸಿಗೆಯತ್ತ ತಿರುಗಿದರು. ಹಾಸಿಗೆಯಲ್ಲಿ ಅಲುಗಾಟ. ಎಡಗೈ ಹಿಂದಕ್ಕೆ ಬಂದು ಚಾಪೆಯ ಮೇಲೆ ತಡವುತ್ತಿತ್ತು. ಹಿಡಿದುಕೊಂಡೆ. ಎಂಥ ಹಿಡಿತ! ಮುಖ ಮಾತ್ರ ಗೋಡೆಗೇ. ಬೆನ್ನು ಕುಲುಕುತ್ತಿತ್ತು. ಬಸ್ಸಿಗೆ ಹೊತ್ತಾಯಿತು ಎಂದರೂ ಬಿಡಲಿಲ್ಲ. ನಾನೂ ಬಿಡಲಿಲ್ಲ.